ಕಾಲಿಗೆ ಕಾಲ ಕೊಡು

ಮಗಳೇ,

ನಿನ್ನೆ ರಾತ್ರಿ ನೀನು ಬಸ್ಸಿಳಿದು ಅಂಗಳ ದಾಟಿ ಬಂದದ್ದನ್ನು ಜಗಲಿಯಿಂದ ನೋಡಿದೆ. ಬಲಗಾಲನ್ನು ಊರುತ್ತಿರಲಿಲ್ಲ, ಎಳೆದು ತರುತ್ತಿದ್ದೆ. ನಿಮ್ಮಮ್ಮನಿಗೆ "ಉಳುಕಿದೆ ಅಷ್ಟೆ, ಸುಮ್ನಿರಮ್ಮ" ಅಂದುಬಿಟ್ಟೆ. ಆಮೇಲೆ ನನ್ನ ಪಕ್ಕ ಬಂದು ಕೂತು, ಅವಳಿಗೆ ಕೇಳಿಸದ ಹಾಗೆ, "ಕಬಡ್ಡಿಯಲ್ಲಿ ರೈಡಿಂದ ತಿರುಗುವಾಗ ಮಂಡಿಯೊಳಗೆ ಟಕ್ ಅಂತ ಸದ್ದಾಯ್ತು ತಾತ, ಒಣಕಡ್ಡಿ ಮುರಿದ ಹಾಗೆ" ಎಂದೆ. ಆ ಸದ್ದು ನನಗೆ ಗೊತ್ತು. ಐವತ್ತು ವರ್ಷದ ಹತ್ತಿರ ಆಯಿತು, ಇವತ್ತಿಗೂ ಕಿವಿಯಲ್ಲಿದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಬಾಯಲ್ಲಿ ಹೇಳಹೊರಟರೆ ಅರ್ಧ ಮರೆಯುತ್ತೇನೆ ಅಂತ ಬೆಳಗಿನ ಜಾವ ಎದ್ದು ಬರೆಯಲು ಕೂತಿದ್ದೇನೆ.

ಊಟ ಮುಗಿಸಿ ನೀನು ಕೈ ತೊಳೆಯುವ ಹೊತ್ತಿಗೆ ಮಂಡಿ ಬೇಲದ ಹಣ್ಣಿನ ಹಾಗೆ ಗುಂಡಗಾಗಿತ್ತು. ಪೆಟ್ಟು ಬಿದ್ದ ಎರಡು ಮೂರು ಗಂಟೆಯಲ್ಲೇ ಹಾಗೆ ಊದಿಕೊಂಡರೆ ಒಳಗೆ ರಕ್ತ ಸೋರಿದೆ ಎಂದು ಲೆಕ್ಕ. ಬಹಳ ಸಲ ಅದು ಒಳಗಿನ ಹಗ್ಗ ಹರಿದ ಗುರುತು. ರಾತ್ರಿ ಕಳೆದು ಮಾರನೆಯ ದಿನ ನಿಧಾನಕ್ಕೆ ಊದಿದರೆ ಗಾದಿಗೆ ಏಟಾಗಿರಬಹುದು. ಎರಡೂ ಒಟ್ಟಿಗೆ ಆಗುವುದೂ ಉಂಟು. ಯಾವುದೇ ಆಗಲಿ, ಅದು ಉಳುಕಲ್ಲ.

ಹಗ್ಗ, ಗಾದಿ ಅಂದೆನಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಜನ ಮಂಡಿ ಅಂದರೆ ಚಿಪ್ಪು ಅಂದುಕೊಂಡಿದ್ದಾರೆ. ಚಿಪ್ಪು ಮುಂದಿನ ಗುರಾಣಿ ಮಾತ್ರ. ತೊಡೆಯ ಮೂಳೆಯೂ ಅದರ ಕೆಳಗಿನ ಕಾಲಿನ ಮೂಳೆಯೂ ಎದುರುಬದುರಾಗಿ ಕೂತಿರುವ ಜಾಗವೇ ಮಂಡಿ. ಆ ಮೂಳೆಗಳ ತುದಿಗೆ ಎಳನೀರಿನ ಗಂಜಿಯಂಥ ನುಣುಪಾದ ಬಿಳಿ ಹೊದಿಕೆ ಇದೆ, ಪುಸ್ತಕದಲ್ಲಿ ಮೃದ್ವಸ್ಥಿ ಅನ್ನುತ್ತಾರೆ. ಅದಕ್ಕೆ ನರವಿಲ್ಲ, ರಕ್ತನಾಳವೂ ಇಲ್ಲ. ನರವಿಲ್ಲದ್ದರಿಂದ ಸವೆಯುವಾಗ ಅದು ಕೂಗಿ ಹೇಳುವುದಿಲ್ಲ, ರಕ್ತವಿಲ್ಲದ್ದರಿಂದ ಒಮ್ಮೆ ಕೆಟ್ಟರೆ ತಾನಾಗಿ ಕೂಡಿಕೊಳ್ಳುವುದೂ ಇಲ್ಲ. ಎರಡು ಮೂಳೆಯ ನಡುವೆ ಅರ್ಧಚಂದ್ರದಂಥ ಎರಡು ಗಾದಿ, ಡಾಕ್ಟರು ಮೆನಿಸ್ಕಸ್ ಅನ್ನುವುದು ಅವಕ್ಕೆ. ಒಳಗೆಲ್ಲ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯಂಥ ಜಿಗಟು ನೀರು. ನಟ್ಟನಡುವೆ ಕತ್ತರಿ ಹಾಕಿದ ಹಾಗೆ ಎರಡು ಹಗ್ಗ. ಮುಂದಿನದು ಎಸಿಎಲ್. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿದಿಡುವುದು ಅದರ ಕೆಲಸ. ಪಾದ ನೆಲದಲ್ಲಿ ನೆಟ್ಟಿರುವಾಗಲೇ ಮೈ ಗಕ್ಕನೆ ತಿರುಗಿದರೆ ಹರಿಯುವುದು ಅದೇ. ಎದುರಾಳಿ ಮುಟ್ಟಲೇಬೇಕೆಂದಿಲ್ಲ. ಕಬಡ್ಡಿಯಲ್ಲಿ ಒಂದು ರೈಡಿಗೆ ಎಷ್ಟು ಸಲ ಹಾಗೆ ತಿರುಗುತ್ತೀಯ ಎಣಿಸಿನೋಡು.

1976ರಲ್ಲಿ ನನಗೆ 23 ವರ್ಷ. ಸುಗ್ಗಿ ಮುಗಿದ ಮೇಲೆ ಊರೂರಲ್ಲಿ ಪಂದ್ಯ. ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಆಡುತ್ತಿದ್ದೆವು. ನಾನು ಎಡಮೂಲೆಯಲ್ಲಿ ಹಿಡಿಯುವವನು. ರೈಡರನ ಕಾಲಿಗೆ ಬಿದ್ದಾಗ ಅವನ ಭಾರವೂ ನನ್ನ ಭಾರವೂ ಎಡಮಂಡಿಯ ಮೇಲೆ ಅಡ್ಡಡ್ಡ ಬಂತು. ಟಕ್. "ಏನೂ ಆಗಿಲ್ಲ ಏಳ್ಲಾ" ಅಂದರು, ಎದ್ದೆ. ಊರಿನ ನಾಟಿ ವೈದ್ಯರು ಎಣ್ಣೆ ಹಚ್ಚಿ ಬಲವಾಗಿ ನೀವಿ, ಬಿದಿರು ದಬ್ಬೆ ಇಟ್ಟು ಕಟ್ಟಿದರು. ಮೂರು ವಾರಕ್ಕೆ ಊತ ಇಳಿಯಿತು. ಊತ ಇಳಿದರೆ ವಾಸಿಯಾಯಿತು ಅಂತಲೇ ನಂಬಿದ್ದೆ. ಮತ್ತೆ ಅಂಕಣಕ್ಕಿಳಿದೆ. ಓಡುವಾಗ ಮಂಡಿ ಇದ್ದಕ್ಕಿದ್ದ ಹಾಗೆ ಸೋತುಹೋಗುತ್ತಿತ್ತು, ಒಳಗೆ ಯಾರೋ ಗೂಟ ಕಿತ್ತ ಹಾಗೆ. ಹಾಗೆ ಜಾರಿದಾಗೆಲ್ಲ ಗಾದಿ ಅರೆದು ಹೋಗುತ್ತಿತ್ತು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. 1978ರಲ್ಲಿ ಒಂದು ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತವನಿಗೆ ಏಳಲಾಗಲಿಲ್ಲ, ಹರಿದ ಗಾದಿಯ ಚೂರು ಸಿಕ್ಕಿಕೊಂಡು ಮಂಡಿ ಬೀಗ ಬಿದ್ದಿತ್ತು. ದೊಡ್ಡಾಸ್ಪತ್ರೆಯಲ್ಲಿ ಮಂಡಿ ಕೊಯ್ದು ಗಾದಿಯನ್ನು ಇಡಿಯಾಗಿ ತೆಗೆದರು. ಅವರದು ತಪ್ಪಲ್ಲ, ಆಗ ನಮ್ಮ ಕಡೆ ಪದ್ಧತಿ ಅದೇ. ಗಾದಿ ತೆಗೆದ ಮಂಡಿ ಬೇಗ ಸವೆಯುತ್ತದೆ ಎಂದು ಇಂಗ್ಲೆಂಡಿನ ಫೇರ್‌ಬ್ಯಾಂಕ್ ಎಂಬ ವೈದ್ಯರು 1948ರಲ್ಲೇ ಎಕ್ಸ್-ರೇ ತೋರಿಸಿ ಬರೆದಿದ್ದರು. ಆ ತಿಳಿವಳಿಕೆ ಆಪರೇಷನ್ ಮೇಜಿನವರೆಗೆ ಬರಲು ದಶಕಗಳು ಬೇಕಾದವು. ಈಗ ದುರ್ಬೀನು ಹಾಕಿ, ಸಾಧ್ಯವಾದಷ್ಟೂ ಹೊಲಿಯಲು ನೋಡುತ್ತಾರೆ. ಗಾದಿಯ ಹೊರ ಅಂಚಿಗೆ ರಕ್ತ ಹರಿಯುತ್ತದೆ, ಅಲ್ಲಿ ಹರಿದಿದ್ದರೆ ಹೊಲಿಗೆ ಕೂಡಿಕೊಳ್ಳುವ ಆಸೆ ಹೆಚ್ಚು. ಒಳ ಅಂಚಿಗೆ ಆ ಭಾಗ್ಯವಿಲ್ಲ.

ನನಗೆ ನೋವು ಕೊಡುವುದು ನನ್ನ ಮಂಡಿಗಿಂತ ಬೇರೆ. 33 ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ಎಷ್ಟೋ ಮಕ್ಕಳು ಕುಂಟುತ್ತ ಬಂದಾಗ "ನೀವಿ ಕಟ್ಟು, ನಾಳೆ ಬಾ" ಎಂದು ಕಳಿಸಿದ್ದೇನೆ. ಎಂಬತ್ತರ ದಶಕದಲ್ಲಿ ಸಾಗರದ ಕಡೆಗೆ ವರ್ಗವಾಗಿತ್ತು. ಏಳನೇ ಕ್ಲಾಸಿನ ಒಬ್ಬ ಹುಡುಗ ಮೈದಾನಕ್ಕೆ ಬಂದರೂ ಅಂಚಿನಲ್ಲೇ ಕೂರುತ್ತಿದ್ದ. ಸೋಮಾರಿ ಅಂದುಕೊಂಡು ಗದರಿ ಓಡಿಸಿದೆ. ಬಾತುಕೋಳಿಯ ಹಾಗೆ ಅತ್ತಿತ್ತ ಓಲಾಡುತ್ತ ಓಡಿದ, ಅರ್ಧ ಸುತ್ತಿಗೆ ಕುಸಿದ. ಆಮೇಲೆ ಇನ್ನೊಬ್ಬ ಮೇಷ್ಟ್ರು ಪಕ್ಕಕ್ಕೆ ಕರೆದು ಹೇಳಿದರು, ಅವನ ಮನೆಯಲ್ಲಿ ಹಂದಿಗೋಡು ಕಾಯಿಲೆ ಇದೆ ಎಂದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಎಪ್ಪತ್ತರ ದಶಕದ ನಡುವಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು. ವಂಶದಲ್ಲಿ ಇಳಿದು ಬರುವ ಕೀಲಿನ ರೋಗ, ಮುಖ್ಯವಾಗಿ ಸೊಂಟದ ಕೀಲನ್ನೇ ತಿನ್ನುತ್ತದೆ, ಕೆಲವರ ಬೆಳವಣಿಗೆಯೇ ನಿಲ್ಲುತ್ತದೆ. ಬಡವರ ಮನೆಗಳಲ್ಲಿ ಅದು ಹೇಳಿಕೊಳ್ಳಲಾಗದ ಸಂಕಟವಾಗಿತ್ತು. ಆ ಹುಡುಗನ ಮುಂದೆ ಕೂತು ಕ್ಷಮೆ ಕೇಳಿದೆ, ಅವನು ತಲೆ ತಗ್ಗಿಸಿ ನಕ್ಕ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡೆ. ನೋವು ಅಂದವರ ಮಾತನ್ನು ಮೊದಲು ನಂಬುವುದು. ನಿನಗೂ ಅದನ್ನೇ ಹೇಳುತ್ತೇನೆ, ನಿನ್ನ ಕಾಲಿನ ಮಾತನ್ನು ನೀನು ನಂಬು.

ಈಗ ನಿನ್ನ ವಿಷಯ. ಈ ಎರಡು ಮೂರು ದಿನ ಎಣ್ಣೆ ಹಚ್ಚಿ ನೀವುವುದು ಬೇಡ, ಬಿಸಿ ಶಾಖ ಬೇಡ. ಒಳಗೆ ರಕ್ತ ಸೋರುತ್ತಿರುವಾಗ ನೀವಿದರೆ, ಕಾಸಿದರೆ ಇನ್ನಷ್ಟು ಸೋರುತ್ತದೆ. ಐಸನ್ನು ಟವೆಲಿನಲ್ಲಿ ಸುತ್ತಿ ಕಾಲು ಗಂಟೆ ಇಡು, ತೆಗೆ, ಮತ್ತೆ ಇಡು. ಕಾಲು ಎತ್ತರದಲ್ಲಿರಲಿ. ಆದರೆ ಮಂಡಿಯ ಕೆಳಗೆ ದಿಂಬಿಟ್ಟು ಮಡಿಸಿ ಮಲಗಬೇಡ, ಹಿತವಾಗುತ್ತದೆ ನಿಜ, ಮಂಡಿ ಅರ್ಧ ಬಾಗಿದಂತೆಯೇ ಬಿಗಿದುಕೊಂಡರೆ ಆಮೇಲೆ ನೆಟ್ಟಗೆ ಮಾಡಲು ಕಣ್ಣೀರು ಹಾಕಬೇಕಾಗುತ್ತದೆ. ಮೂಳೆ ಡಾಕ್ಟರು ಮೊದಲು ಕೈಯಿಂದಲೇ ನೋಡುತ್ತಾರೆ: ಮಂಡಿಯನ್ನು ಸ್ವಲ್ಪ ಬಾಗಿಸಿ, ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು, ಎಷ್ಟು ಜಾರುತ್ತದೆ ಅಂತ. ಪಳಗಿದ ಕೈಗೆ ಅಲ್ಲೇ ತಿಳಿಯುತ್ತದೆ. ಎಂಆರ್‌ಐ ಅದನ್ನು ಖಾತ್ರಿ ಮಾಡಿ, ಗಾದಿಯ ಸ್ಥಿತಿಯನ್ನೂ ತೋರಿಸುತ್ತದೆ. ಬರೀ ಎಂಆರ್‌ಐ ಕಾಗದ ಹಿಡಿದು ಆಪರೇಷನ್ ಅನ್ನುವವರು ಸಿಕ್ಕಿದರೆ, ಕಾಲು ಮುಟ್ಟಿ ನೋಡುವ ಇನ್ನೊಬ್ಬರ ಹತ್ತಿರ ಹೋಗೋಣ. ವಯಸ್ಸಾದವರಲ್ಲಿ ನೋವೇ ಇಲ್ಲದ ಮಂಡಿಯಲ್ಲೂ ಗಾದಿ ಹರಿದದ್ದು ಎಂಆರ್‌ಐಯಲ್ಲಿ ಕಾಣುತ್ತದೆ. ಚಿತ್ರಕ್ಕೆ ಚಿಕಿತ್ಸೆ ಮಾಡಬಾರದು.

ಎಸಿಎಲ್ ಹರಿದವರಿಗೆಲ್ಲ ಆಪರೇಷನ್ ಬೇಕೇ? ಬೇಕಿಲ್ಲ. ನೇರ ನಡೆಯುವವರು, ಸೈಕಲ್ ತುಳಿಯುವವರು, ತೊಡೆಯ ಬಲ ಕಟ್ಟಿಕೊಂಡು ಅದಿಲ್ಲದೆಯೂ ಚೆನ್ನಾಗಿ ಬದುಕುತ್ತಾರೆ. ಆದರೆ ನೀನು ಕಬಡ್ಡಿ ಬಿಡುವವಳಲ್ಲ. ತಿರುಗಿ ತಿರುಗಿ ಆಡುವವರಿಗೆ, ಮಂಡಿ ಸೋಲುವವರಿಗೆ ಸಾಮಾನ್ಯವಾಗಿ ಹೊಸ ಹಗ್ಗ ಹಾಕುವುದು ಒಳ್ಳೆಯದು. ಅದೂ ನಾಳೆಯೇ ಅಲ್ಲ. ಮೊದಲು ಊತ ಇಳಿದು, ಕಾಲು ಪೂರ್ತಿ ಚಾಚಿ ಮಡಿಸಲು ಬರಬೇಕು. ನಿನ್ನದೇ ತೊಡೆಯ ಹಿಂದಿನ ಸ್ನಾಯುರಜ್ಜುವನ್ನೋ, ಚಿಪ್ಪಿನ ಕೆಳಗಿನ ಪಟ್ಟಿಯ ಒಂದು ಭಾಗವನ್ನೋ ತೆಗೆದು, ಮೂಳೆಯಲ್ಲಿ ಸುರಂಗ ಕೊರೆದು, ಹಳೆಯ ಹಗ್ಗದ ದಾರಿಯಲ್ಲಿ ಹಾಯಿಸುತ್ತಾರೆ.

ಮುಂದಿನ ಮಾತು ನಿನಗೆ ಹಿಡಿಸುವುದಿಲ್ಲ. ಒಂಬತ್ತು ತಿಂಗಳು. ಅದಕ್ಕಿಂತ ಮುಂಚೆ ಅಂಕಣ ಇಲ್ಲ. ನಾಲ್ಕನೇ ತಿಂಗಳಿಗೆ ನೋವಿರುವುದಿಲ್ಲ, ಓಡಬಲ್ಲೆ ಅನ್ನಿಸುತ್ತದೆ, ಗೆಳತಿಯರು ಕರೆಯುತ್ತಾರೆ, ತಾಲ್ಲೂಕು ಮಟ್ಟದ ಪಂದ್ಯ ಎದುರಿಗಿರುತ್ತದೆ. ಆದರೆ ಹಾಕಿದ ಹಗ್ಗ ಸತ್ತ ದಾರದಂತೆ ಒಳಗೆ ಕೂತು, ನಿಧಾನಕ್ಕೆ ರಕ್ತ ಕುಡಿದು, ಜೀವ ಹಿಡಿದು ಎಸಿಎಲ್ ಆಗಬೇಕು. ಮೊದಲ ಕೆಲವು ತಿಂಗಳು ಅದು ಹಾಕಿದ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ನಾರ್ವೆಯ ಆಟಗಾರರನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಒಂಬತ್ತು ತಿಂಗಳವರೆಗೆ, ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ತಗ್ಗಿತ್ತು. ದಿನ ಎಣಿಸಿದರೂ ಸಾಲದು. ಟೇಪು ತಂದು ಎರಡೂ ತೊಡೆಯ ಸುತ್ತಳತೆ ತೆಗೆಯೋಣ, ಒಂಟಿಕಾಲಲ್ಲಿ ನೆಗೆದ ದೂರವನ್ನು ಅಳೆಯೋಣ. ಪೆಟ್ಟಾದ ಕಾಲು ಒಳ್ಳೆಯ ಕಾಲಿನ ಹತ್ತಕ್ಕೆ ಒಂಬತ್ತು ಪಾಲಾದರೂ ಮುಟ್ಟಬೇಕು.

ಹುಡುಗಿಯರಿಗೆ ಈ ಪೆಟ್ಟು ಹುಡುಗರಿಗಿಂತ ಹೆಚ್ಚು. ನೆಗೆದು ಇಳಿಯುವಾಗ ಮಂಡಿಗಳು ಒಳಗೆ ವಾಲುವುದು ಅದಕ್ಕೊಂದು ಕಾರಣ. ಇಳಿಯುವುದನ್ನು ಕಲಿಸಬಹುದು. ಫೀಫಾ ರೂಪಿಸಿದ "11+" ಎಂಬ ಇಪ್ಪತ್ತು ನಿಮಿಷದ ತಯಾರಿ ವ್ಯಾಯಾಮವನ್ನು ಆಟಕ್ಕೆ ಮುಂಚೆ ತಪ್ಪದೆ ಮಾಡಿದ ತಂಡಗಳಲ್ಲಿ ಪೆಟ್ಟುಗಳು ಕಡಿಮೆಯಾದವು. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಎರಡು ಸುತ್ತು ಓಡಿಸಿ ಆಟಕ್ಕೆ ಬಿಡುತ್ತಿದ್ದೆ. ನಿಮ್ಮ ಕಾಲೇಜಿನ ಕೋಚಿಗೆ ಇದನ್ನು ನಾನೇ ಬಂದು ಹೇಳುತ್ತೇನೆ, ನಿನ್ನ ಜೊತೆಯವರಾದರೂ ಉಳಿಯಲಿ.

ಒಂದು ಸತ್ಯವನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಎಸಿಎಲ್ ಅಥವಾ ಗಾದಿ ಹರಿದವರಲ್ಲಿ ಹತ್ತರಿಂದ ಇಪ್ಪತ್ತು ವರ್ಷದೊಳಗೆ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಮಂಡಿ ಸವೆತ ಕಾಣಿಸಿಕೊಳ್ಳುತ್ತದೆ, ಆಪರೇಷನ್ ಆದರೂ. ಇನ್ನರ್ಧ ಜನಕ್ಕೆ ಕಾಣಿಸಿಕೊಳ್ಳುವುದಿಲ್ಲ ಅನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಹಿಡಿದುಕೋ. ನಿನ್ನ ಕೈಯಲ್ಲಿರುವುದು ಎರಡು: ತೊಡೆಯ ಬಲ, ಮೈಯ ತೂಕ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ನಾಲ್ಕು ಕೆಜಿ ಇಳಿಯುತ್ತದೆ. ಓಡಿದರೆ ಮಂಡಿ ಸವೆಯುತ್ತದೆ ಅನ್ನುವ ಮಾತು ಆರೋಗ್ಯವಂತ ಮಂಡಿಗೆ ಸಲ್ಲದು. ನೋವಿಲ್ಲದೆ ಬರೀ ಲಟಲಟ ಅಂದರೂ ಹೆದರಬೇಡ.

ಸೊಂಟದ ವಿಷಯವನ್ನೂ ಹೇಳಬೇಕು, ಅದು ನಮ್ಮ ಮನೆಯನ್ನೇ ಎರಡು ಸಲ ಹೊಕ್ಕಿತ್ತು. ನಿಮ್ಮ ಮಾವನಿಗೆ ಆಗ 36. ಬಲಮಂಡಿ ನೋವು ಅನ್ನುತ್ತಿದ್ದ. ಮಂಡಿಯ ಎಕ್ಸ್-ರೇ ಎರಡು ಸಲ ತೆಗೆಸಿದೆವು, ಏನೂ ಇಲ್ಲ. ಬೆಲ್ಟು, ಮುಲಾಮು, ಜೆಲ್, ಹೀಗೆ ಎಂಟು ತಿಂಗಳು ಕಳೆಯಿತು. ಒಂದು ದಿನ ಊಟಕ್ಕೆ ಚಕ್ಕಳಮಕ್ಕಳ ಹಾಕಲು ಹೋದವನು ಮುಖ ಕಿವುಚಿ ಕಾಲು ಚಾಚಿದ. ಆಮೇಲೆ ನೋಡಿದ ಡಾಕ್ಟರು ಮಂಡಿಯನ್ನು ಮುಟ್ಟಲೇ ಇಲ್ಲ, ಮಲಗಿಸಿ ತೊಡೆಯನ್ನು ಒಳಮುಖ ತಿರುಗಿಸಿದರು. ಚೀರಿದ. ಕಾಯಿಲೆ ಇದ್ದದ್ದು ಸೊಂಟದ ಕೀಲಿನಲ್ಲಿ. ಆ ಕೀಲಿನ ನೋವು ತೊಡೆಸಂದಿನಲ್ಲಿ ಕಾಣಿಸುತ್ತದೆ, ಎಷ್ಟೋ ಸಲ ಇಳಿದು ಮಂಡಿಯಲ್ಲಿ ಮಾತ್ರ ಕಾಣಿಸುತ್ತದೆ. ನಾವು ಸೊಂಟನೋವು ಅನ್ನುವುದು ಬೆನ್ನಿನ ಕೆಳಗಿನದು, ಅದು ಬಹುತೇಕ ಬೆನ್ನುಮೂಳೆಯದು, ಈ ಕೀಲಿನದಲ್ಲ.

ನಮ್ಮ ಹಿತ್ತಿಲ ಒರಳುಕಲ್ಲು ನೆನಪಿದೆಯಲ್ಲ, ಒರಳು ಮತ್ತು ಅದರೊಳಗೆ ತಿರುಗುವ ಗುಂಡು? ಸೊಂಟದ ಕೀಲು ಹಾಗೆಯೇ. ತೊಡೆಮೂಳೆಯ ಗುಂಡಿಗೆ ರಕ್ತ ಬರುವ ದಾರಿ ಬಹಳ ಕಿರಿದು. ಆ ದಾರಿ ಮುಚ್ಚಿದರೆ ಗುಂಡಿನ ಮೂಳೆ ಸಾಯುತ್ತದೆ, ಮೇಲ್ಮೈ ಕುಸಿಯುತ್ತದೆ. ಡಾಕ್ಟರು ಎವಿಎನ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಹರೆಯದವರು ಸೊಂಟದ ಕೀಲು ಬದಲಿಸಿಕೊಳ್ಳಬೇಕಾಗಿ ಬರುವುದಕ್ಕೆ ದೊಡ್ಡ ಕಾರಣ ಇದು. ವಿಪರೀತ ಕುಡಿತ, ಹೆಚ್ಚು ಕಾಲದ ಸ್ಟೀರಾಯ್ಡ್, ಆ ಜಾಗದ ಮೂಳೆಮುರಿತ ಇದನ್ನು ತರುತ್ತವೆ. ಅವನು ಕುಡಿಯುವವನಲ್ಲ. ಉಬ್ಬಸಕ್ಕೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿಯನ್ನು ಮೂರು ವರ್ಷ ನುಂಗಿದ್ದ. ತಿಂದ ದಿನವೇ ಹಗುರಾಗುತ್ತಿತ್ತಂತೆ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದಿರಬೇಕು ಎಂದರು ಡಾಕ್ಟರು. ಚೀಟಿ ಇಲ್ಲದ, ಒಳಗೇನಿದೆ ಅಂತ ಬರೆದಿರದ ಪುಡಿಯನ್ನೋ ಮಾತ್ರೆಯನ್ನೋ ಯಾವ ನೋವಿಗೂ ತಿನ್ನಬೇಡ. ಬೇಗ ಗೊತ್ತಾಗಿದ್ದರೆ ಮೂಳೆಯನ್ನು ಕೊರೆದು ಒಳಗಿನ ಒತ್ತಡ ಇಳಿಸಿ ಗುಂಡನ್ನು ಉಳಿಸಲು ನೋಡಬಹುದಿತ್ತು. ಎಂಟು ತಿಂಗಳು ನಾವು ಮಂಡಿಗೆ ಮುಲಾಮು ತಿಕ್ಕಿದ್ದೆವು. 37ನೇ ವಯಸ್ಸಿಗೆ ಅವನ ಕೀಲನ್ನು ಬದಲಿಸಬೇಕಾಯಿತು.

ಅಜ್ಜಿ ಬಚ್ಚಲಲ್ಲಿ ಜಾರಿದ್ದು ನಿನಗೆ ನೆನಪಿದೆ. ಪಾದ ಹೊರಮುಖವಾಗಿ ತಿರುಗಿತ್ತು, ಕಾಲು ಒಂದು ಬೆರಳಿನಷ್ಟು ಗಿಡ್ಡವಾಗಿ ಕಾಣುತ್ತಿತ್ತು. ಗುಂಡಿನ ಕತ್ತು ಮುರಿದಾಗ ಹಾಗಾಗುತ್ತದೆ. "ಈ ವಯಸ್ಸಿಗೆ ಕೊಯ್ಯಿಸಬೇಡಿ, ಮಲಗಿಸಿ ನೋಡಿಕೊಳ್ಳಿ" ಎಂದು ಬಂದವರೆಲ್ಲ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಆದರೆ ಮಲಗಿದ ಮುದುಕರಿಗೆ ಬೆನ್ನುಹುಣ್ಣು, ಎದೆಯಲ್ಲಿ ಕಫ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೇ ಯಮಪಾಶ. ಎರಡು ದಿನದೊಳಗೆ ಆಪರೇಷನ್ ಆಗುವುದು ಒಳ್ಳೆಯದು. ಅಜ್ಜಿಗೆ ಎರಡನೇ ದಿನ ಗುಂಡನ್ನು ಮಾತ್ರ ಬದಲಿಸಿದರು, ಮೂರನೇ ದಿನ ವಾಕರ್ ಹಿಡಿಸಿ ನಿಲ್ಲಿಸಿದರು. ಅವಳು ಆಮೇಲೆ ಹಪ್ಪಳ ಲಟ್ಟಿಸಿದ್ದನ್ನು ನೀನೇ ತಿಂದಿದ್ದೀಯ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದು ಅವಳು ಬಿದ್ದ ಮೇಲೆ. ನಿಮ್ಮ ಮನೆಗೆ ಅದನ್ನು ಮೊದಲೇ ಹಾಕಿಸು ಅಂತ ನಿಮ್ಮಮ್ಮನಿಗೆ ಹೇಳು.

ಕೀಲು ಬದಲಿಸುವ ವಿದ್ಯೆಯ ಹಿಂದೆ ಒಬ್ಬ ದೊಡ್ಡ ಮನುಷ್ಯನಿದ್ದಾನೆ, ಅವನ ಕತೆ ನನಗೆ ಬಹಳ ಇಷ್ಟ. ಜಾನ್ ಚಾರ್ನ್‌ಲಿ, ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯ. ಐವತ್ತರ ದಶಕದ ಕೊನೆಯಲ್ಲಿ ಸೊಂಟದ ಬಟ್ಟಲಿಗೆ ಟೆಫ್ಲಾನ್ ಹಾಕಿದ. ರೋಗಿಗಳು ಎದ್ದು ನಡೆದರು. ಎರಡು ಮೂರು ವರ್ಷಕ್ಕೆ ಟೆಫ್ಲಾನ್ ಸವೆದು, ಅದರ ಪುಡಿಗೆ ಮೂಳೆ ಕೆಟ್ಟಿತು. ಅವನು ಮುಖ ಮರೆಸಿಕೊಳ್ಳಲಿಲ್ಲ. ಕೆಟ್ಟವನ್ನು ತೆಗೆಯುವ ಕೆಲಸಕ್ಕೂ ತಾನೇ ನಿಂತ, ಆ ವಸ್ತುವನ್ನು ತನ್ನ ತೊಡೆಯೊಳಗೇ ಹಾಕಿಸಿಕೊಂಡು ದೇಹ ಏನು ಮಾಡುತ್ತದೆ ಎಂದು ಪರೀಕ್ಷಿಸಿದ. 1962ರ ನವೆಂಬರ್‌ನಲ್ಲಿ ಗಟ್ಟಿ ಪಾಲಿಥೀನಿನ ಬಟ್ಟಲು, ಲೋಹದ ಚಿಕ್ಕ ಗುಂಡು, ಹಲ್ಲಿನ ವೈದ್ಯರು ಬಳಸುವ ಜಾತಿಯ ಸಿಮೆಂಟು, ಈ ಮೂರನ್ನೂ ಕೂಡಿಸಿ ಹಾಕಿದ. ಇವತ್ತಿನ ಸೊಂಟದ ಕೀಲು ಅದರ ಮರಿಮಗ. ಸುಳ್ಳಾದದ್ದನ್ನು ಸುಳ್ಳೆಂದು ಒಪ್ಪಿ ಮತ್ತೆ ಮೊದಲಿಂದ ಶುರುಮಾಡಿದವನು ಅವನು.

ಮಂಡಿ ತಡವಾಗಿ ಬಂತು. ಈಗಿನ ಮಾದರಿಗೆ ಬುನಾದಿ 1974ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಬಿತ್ತು. ಜಾನ್ ಇನ್ಸಾಲ್ ಅವರ ಆ ತಂಡದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಚಿತ್ತರಂಜನ್ ರಾಣಾವತ್ ಇದ್ದರು. ವಾಜಪೇಯಿ ಪ್ರಧಾನಿಯಾಗಿದ್ದಾಗ 2000ದ ಅಕ್ಟೋಬರ್‌ನಲ್ಲಿ ಒಂದು ಮಂಡಿಯನ್ನೂ 2001ರ ಜೂನ್‌ನಲ್ಲಿ ಇನ್ನೊಂದನ್ನೂ ಮುಂಬೈನಲ್ಲಿ ಬದಲಿಸಿದ್ದು ಅವರೇ. ಆವರೆಗೆ ನಮ್ಮೂರ ಅರಳಿಕಟ್ಟೆಯಲ್ಲಿ ಯಾರೂ ಮಂಡಿ ಬದಲಿಸುವ ಮಾತಾಡಿದ್ದಿಲ್ಲ.

ನನ್ನದು 2019ರಲ್ಲಿ, 66ಕ್ಕೆ. ಆಮೇಲೆ ಊರಿನವರು ಜಗಲಿಗೆ ಬಂದು ಕೇಳುವ ಪ್ರಶ್ನೆಗಳು ನಿನಗೂ ಪರಿಚಿತ. "ಮೇಷ್ಟ್ರೇ, ಗ್ಯಾಪ್ ಬಂದದಂತೆ" ಅನ್ನುತ್ತಾರೆ. ಬರುವುದು ಗ್ಯಾಪಲ್ಲ, ಇರಬೇಕಾದ ಗ್ಯಾಪ್ ಹೋಗುವುದು. ಹೊದಿಕೆ ಸವೆದು ಮೂಳೆ ಮೂಳೆಗೆ ತಾಗುತ್ತದೆ. ಅದನ್ನು ನೋಡಲು ನಿಂತುಕೊಂಡು ಎಕ್ಸ್-ರೇ ತೆಗೆಸಬೇಕು, ಮಲಗಿಸಿ ತೆಗೆದರೆ ನಿಜ ಕಾಣುವುದಿಲ್ಲ. "ಮಂಡಿ ಕಿತ್ತು ಬೇರೆ ಇಡ್ತಾರಾ?" ಇಲ್ಲ. ಎರಡು ಮೂಳೆಯ ತುದಿಯಿಂದ ಒಂದು ಸೆಂಟಿಮೀಟರಿನಷ್ಟು ಸವರಿ, ಮೇಲೆ ಲೋಹದ ಟೋಪಿ, ಕೆಳಗೆ ಲೋಹದ ತಟ್ಟೆ, ನಡುವೆ ಪಾಲಿಥೀನಿನ ಗಾದಿ. ಅಕ್ಕಪಕ್ಕದ ಪಟ್ಟಿಗಳು, ಸ್ನಾಯು, ಚರ್ಮ ಎಲ್ಲ ನಮ್ಮದೇ. ಅದಕ್ಕೇ ಆಪರೇಷನ್ ಮುಗಿದ ಮೇಲೆ ಕೆಲಸ ನಮ್ಮದು.

"ಎಷ್ಟು ವರ್ಷ ಬರ್ತದೆ?" 2019ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ, ಪೂರ್ತಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ 82, ಸೊಂಟದ ಕೀಲುಗಳಲ್ಲಿ ನೂರಕ್ಕೆ 58, 25 ವರ್ಷ ಬಾಳುತ್ತವೆ. ಅವು ಹಳೆಯ ಮಾದರಿಗಳ ಲೆಕ್ಕ, ಈಗಿನವು ಇನ್ನೂ ಬಾಳಿಯಾವು. ಆದರೆ ವಯಸ್ಸು ಇಲ್ಲಿ ಮುಖ್ಯ. ಎಪ್ಪತ್ತು ದಾಟಿ ಹಾಕಿಸಿಕೊಂಡವರಲ್ಲಿ ಎರಡನೇ ಸಲ ಮಾಡಿಸಬೇಕಾಗುವುದು ನೂರಕ್ಕೆ ಐದು ಜನಕ್ಕೆ, ಐವತ್ತರ ಆರಂಭದ ಗಂಡಸರಲ್ಲಿ ನೂರಕ್ಕೆ 35ರವರೆಗೂ ಏರುತ್ತದೆ. ಎರಡನೇ ಆಪರೇಷನ್ ಮೊದಲಿನದಕ್ಕಿಂತ ಕಷ್ಟ. ಹಾಗಾಗಿ ನಲವತ್ತೈದರವರಿಗೆ ಡಾಕ್ಟರು ತೂಕ ಇಳಿಸಿ, ವ್ಯಾಯಾಮ ಮಾಡಿ, ಸ್ವಲ್ಪ ಕಾಯಿರಿ ಅಂದರೆ ಅದು ತಳ್ಳಿಹಾಕುವ ಮಾತಲ್ಲ.

ಹಾಗಂತ ನಾನು ಕಾದ ಹಾಗೂ ಕಾಯಬಾರದು. ರಾತ್ರಿ ನೋವಿಗೆ ಎಚ್ಚರವಾಗುತ್ತಿತ್ತು. ತೋಟಕ್ಕೆ ಹೋಗುವುದು ನಿಂತಿತು. ದಿನಾ ನೋವಿನ ಮಾತ್ರೆ ನುಂಗಿ ಹೊಟ್ಟೆ ಹುಣ್ಣಾಯಿತು, ಮೂತ್ರಪಿಂಡಕ್ಕೂ ಅಪಾಯ ಅಂತ ಡಾಕ್ಟರು ಎಚ್ಚರಿಸಿದರು. ಕಾಲು ಬಿಲ್ಲಿನ ಹಾಗೆ ಬಾಗಿತು. ಆರು ವರ್ಷ ಹೀಗೆ ತಳ್ಳಿದೆ, ಹೆದರಿಕೆಯಿಂದ. ಆ ಆರು ವರ್ಷದಲ್ಲಿ ತೊಡೆ ಎಷ್ಟು ಸೊರಗಿತ್ತೆಂದರೆ ಹೊಸ ಮಂಡಿಯನ್ನು ಎತ್ತುವ ಬಲವೇ ಇರಲಿಲ್ಲ. ಬೇರೆಯವರು ಒಂದೂವರೆ ತಿಂಗಳಿಗೆ ಊರುಗೋಲು ಬಿಟ್ಟರೆ ನನಗೆ ನಾಲ್ಕು ತಿಂಗಳು ಬೇಕಾಯಿತು.

ದುಡ್ಡಿನ ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿಯ ಬಿಡಿಭಾಗಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ. ಆ ಮಿತಿ ಲೋಹಕ್ಕೆ, ಆಸ್ಪತ್ರೆಯ ಕೋಣೆಗಲ್ಲ. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಬೇಕು. ಸರ್ಕಾರಿ ಯೋಜನೆ ಇದೆಯೇ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಬೇಕು. ಹಾಕಿದ ಭಾಗಗಳ ಸ್ಟಿಕ್ಕರು ಫೈಲಿನಲ್ಲಿ ಅಂಟಿಸಿರುತ್ತಾರೆ, ನನ್ನದು ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಮುಂದೆ ಯಾವ ಡಾಕ್ಟರಿಗಾದರೂ ಬೇಕಾಗುತ್ತದೆ. ರೋಬೋಟಿನಿಂದ ಮಾಡಿಸಿದರೇ ಒಳ್ಳೆಯದಾ ಅಂತ ಕೇಳುತ್ತಾರೆ. ಅದು ಅಳತೆಗೆ ನೆರವಾಗುತ್ತದೆ, ಕೈ ವೈದ್ಯರದ್ದೇ. ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತೀರಿ ಅಂತ ವೈದ್ಯರನ್ನು ವಿನಯದಿಂದ ಕೇಳುವುದು ಅದಕ್ಕಿಂತ ಉಪಯೋಗದ್ದು.

ಆಪರೇಷನ್ನಿಗೆ ಮುಂಚೆ ಸಕ್ಕರೆ ಹತೋಟಿಗೆ ಬರಬೇಕು, ಹುಳುಕು ಹಲ್ಲು ಸರಿಮಾಡಿಸಿರಬೇಕು, ಕಾಲಲ್ಲಿ ಹುಣ್ಣಿರಬಾರದು. ಒಳಗಿನ ಲೋಹಕ್ಕೆ ಕೀವು ತಗುಲಿದರೆ ಅದು ಸಣ್ಣ ವಿಷಯವಲ್ಲ. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಆಗುತ್ತದೆ. ಮಂಡಿ ಬದಲಿಸಿದ ಐವರಲ್ಲಿ ಒಬ್ಬರಿಗೆ ನೋವು ಪೂರ್ತಿ ಹೋಗುವುದಿಲ್ಲ, ಇದನ್ನು ಮೊದಲೇ ಹೇಳುವ ವೈದ್ಯರನ್ನು ನಂಬು. ನಾನು ಉಳಿದ ನಾಲ್ವರಲ್ಲಿ ಒಬ್ಬ. ಆದರೂ ನೆಲದ ಮೇಲೆ ಕೂರಬೇಡಿ ಅಂದಿದ್ದಾರೆ. ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರೂ ಕೆಳಗೆ, ನಾನು ಕುರ್ಚಿಯ ಮೇಲೆ. ಮೊದಲ ಸಲ ಕಣ್ಣು ತುಂಬಿತ್ತು. ನನ್ನ ಸ್ನೇಹಿತರೊಬ್ಬರು ಮಸೀದಿಯಲ್ಲಿ ಕುರ್ಚಿಯ ಮೇಲೆ ನಮಾಜು ಮಾಡುತ್ತಾರೆ, ಅವರೂ ಹಾಗೇ ಅಂದರು. ಆದರೆ ತೋಟದ ಕೊನೆಯ ತೆಂಗಿನ ಮರದವರೆಗೆ ನಡೆದು ಹೋಗಿ ಬರುತ್ತೇನಲ್ಲ, ಆ ಸುಖ ಹಿಂದೆ ಬಂತು.

ನಿನಗೆ ಇನ್ನೂ ಹತ್ತೊಂಬತ್ತು. ನನ್ನ ಆ ಮೂರು ವಾರದ ಅವಸರ ನಿನ್ನನ್ನು ಹಿಡಿಯದಿರಲಿ ಅಂತ ಇಷ್ಟೆಲ್ಲ ಬರೆದೆ. ನಿಮ್ಮಮ್ಮನಿಗೆ ಟಕ್ ಅಂದದ್ದನ್ನು ನೀನೇ ಹೇಳು, ನಾನು ಪಕ್ಕದಲ್ಲಿರುತ್ತೇನೆ. ಹತ್ತು ಗಂಟೆಗೆ ಡಾಕ್ಟರ ಹತ್ತಿರ ಹೋಗೋಣ, ಆಟೋದವನಿಗೆ ಹೇಳಿದ್ದೇನೆ. ಅವರು ಸರಿ ಅಂದರೆ ಸಂಜೆಯಿಂದಲೇ ಶುರು: ಟವೆಲ್ ಸುತ್ತಿ ಹಿಮ್ಮಡಿಯ ಕೆಳಗಿಟ್ಟು, ತೊಡೆ ಬಿಗಿಹಿಡಿದು ಮಂಡಿಯನ್ನು ಕೆಳಕ್ಕೊತ್ತಿ ಐದು ಎಣಿಸುವುದು. ನನ್ನ ಬಲಮಂಡಿಯೂ ಈಗ ಅದನ್ನೇ ಕೇಳುತ್ತಿದೆ, ಜಗಲಿಯಲ್ಲಿ ಇಬ್ಬರೂ ಕಾಲು ಚಾಚಿ ಕೂರೋಣ. ನನ್ನ ಊರುಗೋಲು ಬಾಗಿಲ ಹಿಂದಿದೆ, ತೆಗೆದುಕೋ. ಮೆಟ್ಟಿಲಿಳಿಯುವಾಗ ನೋವಿನ ಕಾಲು ಮೊದಲು, ಹತ್ತುವಾಗ ಒಳ್ಳೆಯ ಕಾಲು ಮೊದಲು. ಕೋಲನ್ನು ನೋವಿರುವ ಕಡೆಯ ಕೈಯಲ್ಲಿ ಹಿಡಿಯಬಾರದು, ಎಲ್ಲರೂ ಹಿಡಿಯುವುದು ಹಾಗೇ. ನಿನ್ನದು ಬಲಗಾಲು. ಎಡಗೈಯಲ್ಲಿ ಹಿಡಿ.

ನಿನ್ನ ತಾತ